ಕೊಠಡಿ ತೋರಿಸುವ ಮುನ್ನ ಕೇಳುವ ಅಡ್ಡಹೆಸರು

ಕುರುಂದವಾಡದಲ್ಲಾಗಲಿ ಇಚಲಕರಂಜಿಯಲ್ಲಾಗಲಿ ಬಾಡಿಗೆಗೆ ಕೊಠಡಿ ಅರಸುವ ವಿದ್ಯಾರ್ಥಿಗೆ ಅನೇಕ ವೇಳೆ ಮೊದಲು ಎದುರಾಗುವುದು ಬಾಡಿಗೆಯ ಮಾತಲ್ಲ, ‘ಆಡನಾವ ಕಾಯ?’ ಎಂಬ ಪ್ರಶ್ನೆ. ಅಡ್ಡಹೆಸರಿನಿಂದ ಜಾತಿ ತಿಳಿಯುತ್ತದೆ. ಬಳಿಕ ‘ನಿನ್ನೆಯೇ ಬೇರೆಯವರಿಗೆ ಕೊಟ್ಟೆವು’ ಎಂಬ ಸೌಜನ್ಯದ ಉತ್ತರ. ಬಾಬುರಾವ್ ಬಾಗುಲರ ‘ಜೇವ್ಹಾ ಮೀ ಜಾತ ಚೋರಲೀ ಹೋತೀ’ (1963) ಸಂಕಲನದ ಶೀರ್ಷಿಕೆಯ ಕಥೆಯಲ್ಲಿ ರೈಲ್ವೆ ನೌಕರನೊಬ್ಬ ಜಾತಿ ಮರೆಮಾಚಿ ಕೊಠಡಿ ಪಡೆಯುತ್ತಾನೆ. ನಿಜ ಹೊರಬಿದ್ದಾಗ ಹೊಡೆತ ತಿನ್ನುತ್ತಾನೆ. ಗಡಿಭಾಗದ ನಮ್ಮ ವಿದ್ಯಾರ್ಥಿಗಳು ಇದನ್ನು ಮರಾಠಿಯಲ್ಲಿಯೇ ಓದಬೇಕು.

ಸೌಜನ್ಯದ ಸುಳ್ಳನ್ನು ಪತ್ತೆಹಚ್ಚುವುದು ಹೇಗೆ? ಅದೇ ದಿನ, ಅದೇ ಬಾಡಿಗೆಗೆ ಒಪ್ಪಿ, ಬೇರೆ ಅಡ್ಡಹೆಸರಿನ ಸಹಪಾಠಿ ಹೋಗಿ ಕೇಳಬೇಕು. ಅವನಿಗೆ ಕೊಠಡಿ ದೊರೆತರೆ ಮೊದಲಿನ ಉತ್ತರದ ಬಣ್ಣ ಬಯಲು. ಸುಖದೇವ ಥೋರಾಟರೂ ಸಂಗಡಿಗರೂ ದೆಹಲಿ ಪ್ರದೇಶದಲ್ಲಿ ಇಂಥದೇ ಕ್ರಮದಿಂದ ಶೋಧಿಸಿ 2015ರಲ್ಲಿ ಪ್ರಕಟಿಸಿದರು. ಅಲ್ಲಿ ದಲಿತರಿಗಿಂತಲೂ ಮುಸ್ಲಿಮರಿಗೆ ಬಾಗಿಲು ಹೆಚ್ಚು ಮುಚ್ಚಿತ್ತು.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಕಲಮು, ಅಸ್ಪೃಶ್ಯತೆಯ ಕಾರಣದಿಂದ ಯಾರನ್ನೂ ವಾಸದ ಮನೆಯಿಂದ ದೂರವಿಡುವುದನ್ನು ಅಪರಾಧವೆನ್ನುತ್ತದೆ. 12ನೆಯ ಕಲಮು ಇನ್ನೂ ಮುಖ್ಯ: ನೊಂದವರು ಪರಿಶಿಷ್ಟ ಜಾತಿಯವರಾಗಿದ್ದರೆ ಕಾರಣ ಅಸ್ಪೃಶ್ಯತೆಯೇ ಎಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಆರೋಪಿಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಪರಿಶಿಷ್ಟರಿಗೆ, ಆದಾಯವನ್ನು ಲೆಕ್ಕಿಸದೆ, ವಕೀಲರನ್ನು ಉಚಿತವಾಗಿ ಒದಗಿಸುತ್ತದೆ. ಮುಸ್ಲಿಂ ವಿದ್ಯಾರ್ಥಿಗೆ ಈ ಕಲಮುಗಳ ಆಸರೆಯಿಲ್ಲ. ಇದು ಕಾನೂನಿನ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ದಿನಾಂಕ, ಹೊತ್ತು, ಆಡಿದ ಮಾತುಗಳನ್ನು ಅಂದೇ ಬರೆದಿಡಿರಿ. ಪೊಲೀಸ್ ಠಾಣೆಗೆ ದೂರು ಒಯ್ಯುವಾಗ, ಕೊಠಡಿ ದೊರೆತ ಆ ಸಹಪಾಠಿಯೂ ಜೊತೆಗಿರಲಿ, ಸಾಕ್ಷಿ ಅವನೇ.