ಒಂದು ಒತ್ತಕ್ಷರದಲ್ಲಿ ಉಳಿದ ಶಕಭಾಷೆ

ನಾಗಪುರದ ಆಗ್ನೇಯಕ್ಕೆ, ಭಂಡಾರಾ ಜಿಲ್ಲೆಯ ವೈನಗಂಗಾ ತೀರದಲ್ಲಿ ಪವನಿ ಎಂಬ ಪ್ರಾಚೀನ ಪಟ್ಟಣವಿದೆ. ಅಲ್ಲಿ ದೊರೆತ ಸ್ಮಾರಕಸ್ತಂಭವೊಂದು 'ಮಹಾಖತ್ತವ ಕುಮಾರ ರುಪಿಅಮ್ಮ'ನನ್ನು ಹೆಸರಿಸುತ್ತದೆ. ಆ ಶಾಸನವನ್ನು ಪ್ರಕಟಿಸಿದವರು ನಾಗಪುರದವರೇ ಆದ ವಿದ್ವಾಂಸ ವಾ. ವಿ. ಮಿರಾಶಿಯವರು. 'ಖತ್ತವ'ವು 'ಕ್ಷತ್ರಪ'ದ ಪ್ರಾಕೃತ ರೂಪ. ಕ್ಷತ್ರಪವಾದರೋ ರಾಜ್ಯಪಾಲಕನೆಂಬ ಅರ್ಥದ ಇರಾನೀ ಮೂಲದ ಪದ. ಆದರೆ ಬಿರುದೊಂದೇ ಭಾಷೆಗೆ ಸಾಕ್ಷಿಯಾಗದು. ಹೆಸರಿನ ಕೊನೆಯ 'ಅಮ್ಮ'ವನ್ನು ಕಂಡು ಕನ್ನಡಿಗರು ಹಿಗ್ಗುವಂತಿಲ್ಲ. ಬಿರುದನ್ನು ಕಂಡು ಈತನ ಮನೆಮಾತು ಇರಾನೀ ಎನ್ನುವಂತೆಯೂ ಇಲ್ಲ. ಹಾಗಾದರೆ ಪಶ್ಚಿಮ ಭಾರತವನ್ನು ಸುಮಾರು ಮೂರು ಶತಮಾನ ಆಳಿದ ಶಕ ಕ್ಷತ್ರಪರ ನುಡಿಗೆ ಆಧಾರವೇನು?

ಆಧಾರವಿರುವುದು ಒಂದು ಒತ್ತಕ್ಷರದಲ್ಲಿ. ಕಚ್ಛದ ಅಂಧೌ ಶಾಸನಗಳು ಶಕವರ್ಷ ೫೨ರವು, ಎಂದರೆ ಕ್ರಿ. ಶ. ೧೩೦ರವು. ಅವುಗಳಲ್ಲಿ ಚಷ್ಟನ ರಾಜನ ತಂದೆಯ ಹೆಸರು 'ಯ್ಸಾಮೋತಿಕ'. 'ಯ್ಸ' ಎಂದು ಮೊದಲಾಗುವ ಪದ ಸಂಸ್ಕೃತದಲ್ಲಾಗಲಿ ಪ್ರಾಕೃತದಲ್ಲಾಗಲಿ ಇಲ್ಲ. ಮಧ್ಯ ಏಷ್ಯದ ಖೋತಾನ ಪ್ರದೇಶದಲ್ಲಿ ದೊರೆತ ಹಸ್ತಪ್ರತಿಗಳು ಈ ಒಗಟನ್ನು ಬಿಡಿಸಿದುವು. ಅವುಗಳ ಭಾಷೆ ಇರಾನೀ ವರ್ಗದ್ದು, ಲಿಪಿ ಬ್ರಾಹ್ಮೀ ಮೂಲದ್ದು. ಭಾರತೀಯ ವರ್ಣಮಾಲೆಯಲ್ಲಿಲ್ಲದ, ನಾವಿಂದು 'ಜ'ದ ಕೆಳಗೆ ಚುಕ್ಕೆಯಿಟ್ಟು ತೋರುವ 'ಜ಼' ಧ್ವನಿಗೆ ಅಲ್ಲಿಯೂ ಇದೇ 'ಯ್ಸ' ಬಳಕೆಯಾಗಿದೆ. ಈ ಸಂಬಂಧವನ್ನು ಎತ್ತಿ ತೋರಿದವರು ಜರ್ಮನ್ ಪಂಡಿತ ಲ್ಯೂಡರ್ಸ್. ಖೋತಾನದ ನುಡಿಯಲ್ಲಿ 'ಯ್ಸಮ' ಎಂದರೆ ನೆಲ. ಪಾರಸಿಯಿಂದ ನಮ್ಮ ಕಂದಾಯದ ಕಡತಗಳಿಗೆ ಬಂದ 'ಜಮೀನು' ಅದರ ದಾಯಾದಿ. ಭೂಮಕನೆಂಬ ಕ್ಷತ್ರಪನ ಹೆಸರು ಯ್ಸಾಮೋತಿಕದ ಅನುವಾದವಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದು ಊಹೆಯೇ ಹೊರತು ಸಿದ್ಧಾಂತವಲ್ಲ.

ಈ ಕ್ಷತ್ರಪರು ತಮ್ಮ ನುಡಿಯಲ್ಲಿ ಶಾಸನ ಬರೆಸಲಿಲ್ಲ, ಪ್ರಾಕೃತದಲ್ಲಿ ಬರೆಸಿದರು. ಚಷ್ಟನನ ಮೊಮ್ಮಗ ರುದ್ರದಾಮನಾದರೋ ಸುಮಾರು ಕ್ರಿ. ಶ. ೧೫೦ರಲ್ಲಿ ಜುನಾಗಢದ ಬಂಡೆಯ ಮೇಲೆ ಪ್ರೌಢ ಸಂಸ್ಕೃತ ಗದ್ಯವನ್ನೇ ಕೆತ್ತಿಸಿದನು. ಮುಂದಿನ ತಲೆಗಳಲ್ಲಿ ಹೆಸರುಗಳೂ ರುದ್ರಸಿಂಹ, ವಿಶ್ವಸೇನ ಎಂದಾದುವು. ಸಂಸ್ಕೃತವು ಇದರಿಂದ ಬೆಳಗಿತೆಂಬುದು ನಿಜ. ಆದರೆ ಸಾವಿರಾರು ನಾಣ್ಯಗಳನ್ನು ಅಚ್ಚುಹಾಕಿಸಿದ ಮನೆತನದ ಮಾತೃಭಾಷೆಯ ಒಂದು ವಾಕ್ಯವೂ ನಮಗೆ ಉಳಿಯಲಿಲ್ಲ.

ಶಕರ ಕಾಲಗಣನೆ ನಮ್ಮ ಪಂಚಾಂಗದಲ್ಲಿ ಇಂದಿಗೂ ಜೀವಂತವಾಗಿದೆ. ಅವರ ಮಾತು ಮಾತ್ರ ಯಾರೂ ಕಸಿದುಕೊಳ್ಳದೆಯೇ ಹೋಯಿತು. ಕಚೇರಿಗೊಂದು, ಪೇಟೆಗೊಂದು ನುಡಿಯನ್ನು ಬಳಸುತ್ತ ಪರನಾಡಿನಲ್ಲಿ ನೆಲೆಸಿರುವ ನಮಗೆ ಇದು ಕೇವಲ ಪ್ರಾಚ್ಯಸಂಶೋಧನೆಯ ವಿಷಯವಲ್ಲ. ಮನೆಯಲ್ಲಿ ಆಡಿದ್ದನ್ನು ಬರೆದಿಡದಿದ್ದರೆ, ಮುಂದಿನವರಿಗೆ ಉಳಿಯುವುದು ಹೆಸರುಗಳಷ್ಟೇ.