ಮುಚ್ಚಳದ ಪಟ್ಟು

ಗಾಜಿನ ಕಾಕ್‌ಟೇಲ್ ಶೇಕರ್ ಎಂದೊಡನೆ ನಮ್ಮ ಕೂಟದ ಹಿರಿಯರು ಹುಬ್ಬೇರಿಸಬಹುದು. ಗಾಬರಿ ಬೇಡ! ನಮ್ಮ ಮನೆಯ ಶೇಕರ್‌ನಲ್ಲಿ ಆಗುವುದು ರಾಮನವಮಿಗೆ ಪಾನಕ, ಬೇಸಿಗೆಯಲ್ಲಿ ಮಜ್ಜಿಗೆ. ಬೆಲ್ಲದ ನೀರು, ನಿಂಬೆರಸ, ಶುಂಠಿ, ಏಲಕ್ಕಿ, ಮೇಲೊಂದು ಹಿಡಿ ಐಸು ಹಾಕಿ ಚೆನ್ನಾಗಿ ಕುಲುಕಿದರೆ ಆಯಿತು.

ತೊಂದರೆ ಶುರುವಾಗುವುದು ಆಮೇಲೆ. ಸ್ಟೀಲಿನ ಮುಚ್ಚಳ ಜಪ್ಪಯ್ಯ ಅಂದರೂ ಬರುವುದಿಲ್ಲ. ಬಂದ ನೆಂಟರಿಷ್ಟರೆಲ್ಲ ಒಬ್ಬೊಬ್ಬರಾಗಿ ಭೀಮಸೇನರಾಗುತ್ತಾರೆ. ಒಬ್ಬರು ಸಂದಿಗೆ ಚಾಕುವಿನ ತುದಿ ತೂರಿಸುತ್ತಾರೆ, ಇನ್ನೊಬ್ಬರು ಅಡುಗೆ ಕಟ್ಟೆಗೆ ಕುಟ್ಟುತ್ತಾರೆ. ಒಡೆಯುವುದು ಗಾಜು, ಕೊಯ್ಯುವುದು ಕೈ. ಭಾನುವಾರ ಸಂಜೆ ಹೊಲಿಗೆ ಹಾಕಿಸಿಕೊಳ್ಳಲು ಎಮರ್ಜೆನ್ಸಿ ರೂಮಿನಲ್ಲಿ ಕಾಯುವ ಸುಖ ಎಂಥದೆಂದು ಅಮೆರಿಕದಲ್ಲಿರುವವರಿಗೆ ಹೇಳಬೇಕೇ? ಆಮೇಲೆ ಬರುವ ಬಿಲ್ಲಿನ ಮಾತಂತೂ ಬಿಡಿ.

ಇಷ್ಟಕ್ಕೂ ಕಾರಣ ಐಸು. ಮುಚ್ಚುವಾಗ ಒಳಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್ ಇದ್ದು, ಕುಲುಕಿದ ಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿದರೆ ಒಳಗಿನ ಒತ್ತಡ ಸುಮಾರು ಶೇಕಡಾ 8ರಷ್ಟು ತಗ್ಗುತ್ತದೆ. ಅಷ್ಟೇನಾ ಅನ್ನಬೇಡಿ. 7 ಸೆಂಟಿಮೀಟರ್ ಅಗಲದ ಬಾಯಿಯ ಮೇಲೆ ಅದು ಮೂರು ಕೆಜಿಗೂ ಹೆಚ್ಚು ಭಾರ ಹೇರಿದ ಹಾಗೆ! ಜೊತೆಗೆ ಅಷ್ಟೇ ಚಳಿಗೆ ಸ್ಟೀಲು ಮಾಮೂಲಿ ಗಾಜಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ವ್ಯತ್ಯಾಸ ಕೂದಲೆಳೆಯ ಕಾಲು ಭಾಗವೂ ಇಲ್ಲ, ಆದರೆ ಮೊದಲೇ ಬಿಗಿಯಾಗಿ ಕೂತ ಮುಚ್ಚಳಕ್ಕೆ ಅಷ್ಟು ಸಾಕು. ಬೆಲ್ಲದ ಪಾಕ ಒಣಗಿ ಅಂಟಿದ್ದರಂತೂ ಕೇಳುವುದೇ ಬೇಡ.

ಲೆಕ್ಕ ಕಾಲೇಜಿನದು, ಪರಿಹಾರ ಮಾತ್ರ ಅಮ್ಮನದು. ಊರಿನಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಅಮ್ಮ ಹೇಗೆ ಬಿಡಿಸುತ್ತಿದ್ದರು, ನೆನಪಿದೆಯೇ? ಒಳಗಿನ ಲೋಟಕ್ಕೆ ತಣ್ಣೀರು, ಹೊರಗಿನದು ಬಿಸಿನೀರಿನ ಪಾತ್ರೆಯಲ್ಲಿ. ಇಲ್ಲಿಗೆ ಬಂದಿದ್ದಾಗ ನಮ್ಮೆಲ್ಲರ ಕುಸ್ತಿ ನೋಡಿ ಅಮ್ಮ ಅಂದರು, "ಒಳಗೆ ಐಸು ಆಗಲೇ ಇದೆಯಲ್ಲೋ, ಹೊರಗೆ ಬಿಸಿ ಮಾಡೋದಷ್ಟೇ ಬಾಕಿ." ಕೀಲುನೋವಿನ ಆ ಕೈಗಳಲ್ಲೇ ಮುಚ್ಚಳ ತೆಗೆದೂ ಕೊಟ್ಟರು. ಜಿಮ್ಮಿಗೆ ಹೋಗುವವರು ಸುಮ್ಮನೆ ನೋಡುತ್ತಿದ್ದರು!

ನಿಮ್ಮ ಶೇಕರ್‌ನ ತಲೆಯ ಮೇಲೆ ಪುಟ್ಟ ಟೋಪಿಯೊಂದಿದ್ದರೆ ಮೊದಲು ಅದನ್ನು ತೆಗೆಯಿರಿ. ಕೆಳಗಿನ ಜರಡಿಯ ತೂತುಗಳಿಂದ ಗಾಳಿ ಒಳಗೆ ಹೋಗಿ ಒತ್ತಡ ಸರಿಹೋಗುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಮುಚ್ಚಳ ಮೆತ್ತಗಾಗುತ್ತದೆ. ಆಗದಿದ್ದರೆ, ಅದು ಗಾಜಿನ ಹೊರಗೆ ಕೂತಿದೆಯೋ ಒಳಗೋ ನೋಡಿಕೊಳ್ಳಿ. ಇದನ್ನು ಯಾರೂ ನೋಡುವುದೇ ಇಲ್ಲ! ಹೊರಗೆ ಕೂತಿದ್ದರೆ, ನಲ್ಲಿಯ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಲೋಹದ ಭಾಗಕ್ಕೆ ಮಾತ್ರ ಅರ್ಧ ನಿಮಿಷ ಸುತ್ತಿ. ಆಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ತಿರುಗಿಸುತ್ತಾ ನೇರವಾಗಿ ಮೇಲಕ್ಕೆ ಎಳೆಯಿರಿ, ಓರೆ ಮಾಡಬೇಡಿ. ಕುದಿಯುವ ನೀರು ಸುರಿಯಲೇಬಾರದು, ಐಸು ತುಂಬಿದ ಗಾಜು ಅದಕ್ಕೆ ಸೀಳುತ್ತದೆ. ಪಾಕ ಅಂಟಿದ್ದರೆ ಬಟ್ಟೆಯನ್ನು ನಾಲ್ಕೈದು ಸಲ ಬದಲಿಸಿ, ಬೆಲ್ಲ ಕರಗುವಷ್ಟು ಸಮಯ ಕೊಡಿ.

ಮುಚ್ಚಳ ಗಾಜಿನ ಒಳಗೆ ತೂರಿ ಕೂರುವಂಥದ್ದಾದರೆ ಎಲ್ಲ ಉಲ್ಟಾ. ಬಿಸಿ ಮಾಡಿದರೆ ಲೋಹ ಹಿಗ್ಗಿ ಗಾಜನ್ನೇ ಒಳಗಿನಿಂದ ಒತ್ತುತ್ತದೆ. ಅಂಥದ್ದನ್ನು ಐಸು ಕರಗಿ ರೂಮಿನ ಬಿಸಿಗೆ ಬರುವವರೆಗೆ ಬಿಟ್ಟು, ಆಮೇಲೆ ಮುಚ್ಚಳದ ಮೇಲೆ ಐಸು ಚೀಲ ಇಟ್ಟು ತೆಗೆಯಿರಿ.

ಗಾಜಿನ ಅಂಚಿನಲ್ಲಿ ಸಣ್ಣ ಬಿರುಕು ಕಂಡರೂ ಇದ್ಯಾವುದೂ ಬೇಡ. ದಪ್ಪ ಟವೆಲ್ಲಿನಲ್ಲಿ ಸುತ್ತಿ ಹಾಗೇ ಕಸಕ್ಕೆ ಹಾಕಿ. ಒಳಗಿನ ಪಾನಕವನ್ನು ಸೋಸಿ ಕುಡಿಯುವ ಆಸೆಯನ್ನೂ ಬಿಡಿ.