ಮಾವಿನ ಸೀಮೆಯಲ್ಲಿ ಮರೆವಿನ ಜಾಡು

ಅರವತ್ತಕ್ಕೆ ಅರಳು ಮರಳು ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಈಗಷ್ಟೇ ಊಟ ಮುಗಿಸಿ ಕೈತೊಳೆದ ಅಜ್ಜಿ, 'ಇನ್ನೂ ಎಲೆ ಹಾಕಲಿಲ್ಲವೇನೇ?' ಎಂದು ಸೊಸೆಯನ್ನು ಕೇಳಿದರೆ ಮನೆಮಂದಿ ನಕ್ಕು ಸುಮ್ಮನಾಗುತ್ತಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕಾಯಿಲೆ ಬಹುದೂರ ಸಾಗಿರುತ್ತದೆ. ಡಿಮೆನ್ಷಿಯಾ ಎಂಬ ಈ ಮರೆವಿನ ಕಾಯಿಲೆಗೆ ಮುಖ್ಯ ಕಾರಣವಾದ ಅಲ್ಜೈಮರ್ಸ್‌ನಲ್ಲಿ, ಮರೆವು ಕಣ್ಣಿಗೆ ಬೀಳುವ ಹತ್ತಿಪ್ಪತ್ತು ವರ್ಷ ಮೊದಲೇ ಮಿದುಳು ಬದಲಾಗತೊಡಗುತ್ತದೆ. ಆ ಮೊದಲ ಹೆಜ್ಜೆ ಹುಡುಕಬೇಕಾದರೆ, ಇನ್ನೂ ಗಟ್ಟಿಮುಟ್ಟಾಗಿ ಹೊಲ ಗೇಯುತ್ತಿರುವವರ ಬಳಿಗೇ ಹೋಗಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ (ಸೆಂಟರ್ ಫಾರ್ ಬ್ರೈನ್ ರಿಸರ್ಚ್) ಹೊರಟದ್ದು ಹಾಗೆಯೇ. ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ನೆರವಿನಿಂದ ಹುಟ್ಟಿದ ಈ ಕೇಂದ್ರದ ಸ್ಥಾಪಕ ನಿರ್ದೇಶಕಿ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್. 2018ರಲ್ಲಿ ಅವರ ತಂಡ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನ ಶುರುಮಾಡಿತು. ಮಾವಿಗೆ ಹೆಸರಾದ ಆ ಸೀಮೆಯಲ್ಲಿ 45 ದಾಟಿದ, ಡಿಮೆನ್ಷಿಯಾ ಇಲ್ಲದ 10,000 ಮಂದಿಯನ್ನು ಸೇರಿಸಿಕೊಂಡು ವರ್ಷಾನುಗಟ್ಟಲೆ ಗಮನಿಸುವುದು ಗುರಿ. ಇದರ ಚುಟುಕು ಹೆಸರು ಸ್ಯಾನ್ಸ್‌ಕಾಗ್.

ಸ್ವಯಂಪ್ರೇರಣೆಯಿಂದ ಬಂದವರ ರಕ್ತ ಪರೀಕ್ಷೆ, ಬಿಪಿ, ಸಕ್ಕರೆ, ಎಂಆರ್‌ಐ, ವಂಶವಾಹಿ ತಪಾಸಣೆ ಎಲ್ಲವೂ ನಡೆಯುತ್ತವೆ. ಔಷಧಿ ಕೊಟ್ಟು ನೋಡುವ ಪ್ರಯೋಗ ಇದಲ್ಲ. ಎಲ್ಲಕ್ಕಿಂತ ನಾಜೂಕಾದದ್ದು ನೆನಪಿನ ಪರೀಕ್ಷೆ. ಪಶ್ಚಿಮದ ಹಳೆಯ ಪರೀಕ್ಷೆಗಳು ವಾಕ್ಯ ಓದಿಸುತ್ತವೆ, ಬರೆಸುತ್ತವೆ, ಲೆಕ್ಕ ಕೇಳುತ್ತವೆ. ಶಾಲೆಯ ಮುಖ ಕಾಣದ ಅಜ್ಜಿ ಅಲ್ಲಿ ತಪ್ಪಿದರೆ ದೋಷ ಮಿದುಳಿನದೋ ಬಾಲ್ಯದ ಬಡತನದ್ದೋ? ಅದಕ್ಕೇ ಇಲ್ಲಿ ಅಕ್ಷರ ಬಾರದವರೂ ಪರದೆ ಮುಟ್ಟಿ ಉತ್ತರಿಸಬಹುದಾದ, ಭಾರತದ ಭಾಷೆಗಳಿಗೆ ಒಗ್ಗಿಸಿದ ಪರೀಕ್ಷೆ ಬಳಸುತ್ತಾರೆ. ಆಂಧ್ರದ ಗಡಿಗೆ ಅಂಟಿದ ಈ ಊರುಗಳಲ್ಲಿ ಕನ್ನಡದಷ್ಟೇ ತೆಲುಗೂ ಬೇಕು.

ಒಮ್ಮೆ ಬಂದು ಹೋದರೆ ಸಾಲದು. ಅದೇ ವ್ಯಕ್ತಿ ಮತ್ತೆ ಮತ್ತೆ ಬಂದಾಗಲೇ, ಹತ್ತು ವರ್ಷದ ಹಿಂದಿನ ಬಿಪಿಗೂ ಇಂದಿನ ಮರೆವಿಗೂ ನಂಟಿದೆಯೇ ಎಂಬುದು ತಿಳಿಯುವುದು. ಹಾಗಾಗಿ ಇಂಥ ಅಧ್ಯಯನದ ನಿಜವಾದ ಬಂಡವಾಳ ಊರಿನವರ ನಂಬಿಕೆ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ಮನಸ್ಸು ಮುರಿದು ಅರ್ಧಕ್ಕೆ ಬಿಟ್ಟವರ ಜಾಗಕ್ಕೆ ಬದಲಿಯಿಲ್ಲ.

ಹಳ್ಳಿಗೆ ಜೋಡಿಯಾಗಿ ನಗರವೂ ಇದೆ. ಟಾಟಾ ಟ್ರಸ್ಟ್ಸ್ ನೆರವಿನಲ್ಲಿ ಇದೇ ಕೇಂದ್ರ ಬೆಂಗಳೂರಿಗರ ಮೇಲೆ ಅಂಥದ್ದೇ ಅಧ್ಯಯನ ನಡೆಸುತ್ತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಏಕೆ ಮುಖ್ಯ? ದೇಶದ ಅನೇಕ ಸಂಸ್ಥೆಗಳು ಕೈಜೋಡಿಸಿದ ಸಮೀಕ್ಷೆಯೊಂದರ ಅಂದಾಜು 2023ರಲ್ಲಿ ಪ್ರಕಟವಾಯಿತು. ಅದರಂತೆ 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲೇ, ಗಂಡಸರಿಗಿಂತ ಹೆಂಗಸರಲ್ಲೇ ಪ್ರಮಾಣ ಹೆಚ್ಚು. ಇದು ಪೇಟೆಯವರ ಕಾಯಿಲೆ ಎಂಬ ನಂಬಿಕೆ ಅಲ್ಲಿಗೇ ಬಿತ್ತು. ಆದರೂ ಇದುವರೆಗಿನ ಅರಿವಿನ ಬಹುಪಾಲು ಬಂದದ್ದು ಯುರೋಪು, ಅಮೆರಿಕಗಳ ಮಿದುಳುಗಳಿಂದ.

ಇಂಥ ಅಧ್ಯಯನಗಳಿಗೆ ಜನರನ್ನು ಸೇರಿಸಲೆಂದೇ ಬ್ರಿಟನ್ನಿನಲ್ಲಿ 2015ರಲ್ಲಿ ರಾಷ್ಟ್ರಮಟ್ಟದ ನೋಂದಣಿ ಶುರುವಾಯಿತು. 18 ತುಂಬಿದ ಯಾರು ಬೇಕಾದರೂ, ಕಾಯಿಲೆ ಇಲ್ಲದವರೂ ಹೆಸರು ಬರೆಸಬಹುದಿತ್ತು. ತಮಗೆ ಹೊಂದುವ ಅಧ್ಯಯನ ಬಂದಾಗ ಕರೆ ಬರುತ್ತಿತ್ತು. ಒಪ್ಪುವುದು, ಬಿಡುವುದು ಅವರಿಷ್ಟ.

ಡಿಮೆನ್ಷಿಯಾವನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಸಿಕ್ಕಿಲ್ಲ. ಆದರೆ ಬಿಪಿ, ಸಕ್ಕರೆ, ಕಿವುಡು, ದೃಷ್ಟಿದೋಷ, ಒಂಟಿತನ ಮುಂತಾದ 14 ಅಪಾಯಗಳನ್ನು ತಡೆದರೆ ಶೇ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಅಂದಾಜಿಸಿತು. ನಮ್ಮ ಊಟ, ದುಡಿಮೆ, ಹೊಗೆ ತುಂಬಿದ ಅಡುಗೆಮನೆಗಳ ಲೆಕ್ಕದಲ್ಲಿ ಇವುಗಳಲ್ಲಿ ಯಾವುದು ಎಷ್ಟು ತೂಗುತ್ತದೆಂಬ ಉತ್ತರ ನಮ್ಮವರಿಂದಲೇ ಬರಬೇಕು. ಇಂಥ ಅಧ್ಯಯನದವರು ನಿಮ್ಮನ್ನು ಕೇಳಿಕೊಂಡು ಬಂದರೆ, 'ನನಗೇನಾಗಿದೆ?' ಎಂದು ಬಾಗಿಲು ಹಾಕಬೇಡಿ. ಏನೂ ಆಗದವರೇ ಅವರಿಗೆ ಬೇಕಾಗಿರುವುದು.